ಮೆಟ್ರೋ ಸುರಂಗಕ್ಕೆ ನೀರು ನುಗ್ಗುವುದು ಎಲ್ಲಿಂದ?

ಪ್ರಶ್ನೆ: ನಾವು ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಕಡೆಯ ಕಾಫಿ ಬೆಳೆಗಾರರು. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ದಿನಾ ಮೆಟ್ರೋದಲ್ಲಿ ಮೆಜೆಸ್ಟಿಕ್ ದಾಟಿಯೇ ಆಫೀಸಿಗೆ ಹೋಗಬೇಕು. 2025ರ ಮೇ ತಿಂಗಳಲ್ಲಿ ಮುಂಬೈನ ಹೊಚ್ಚಹೊಸ ಮೆಟ್ರೋ ನಿಲ್ದಾಣಕ್ಕೆ ಕೆಸರುನೀರು ನುಗ್ಗಿದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಸಮಾಧಾನವಿಲ್ಲ. ಕಡೂರಿನ ಕಡೆ ಹೋಗುವಾಗ ರೈಲ್ವೆ ಹಳಿಯಡಿ ಸಿಗುವ ಸಣ್ಣ ಕೆಳಸೇತುವೆಯೇ ಒಂದು ಜೋರು ಮಳೆಗೆ ತುಂಬಿಕೊಳ್ಳುತ್ತದೆ. ಹಾಗಿರುವಾಗ ಅಷ್ಟು ಆಳದ ಸುರಂಗ ತುಂಬುವುದಿಲ್ಲವೇ? ಪಂಪ್ ಇಟ್ಟಿರುತ್ತಾರೆ ಎನ್ನುತ್ತಾರೆ. ಅಷ್ಟು ಸಾಕೇ?

ಉತ್ತರ: ಪಂಪಷ್ಟೇ ಸಾಲದು. ಪಂಪ್ ಇರುವುದು ಒಸರುವ ನೀರಿಗೆ. ನುಗ್ಗಿ ಬರುವ ನೀರನ್ನು ಮೇಲೆ, ರಸ್ತೆಯ ಮಟ್ಟದಲ್ಲೇ ತಡೆಯಬೇಕು. ಆ ತಡೆ ಗಟ್ಟಿಯಿದ್ದರೆ ಇಪ್ಪತ್ತು ಮೀಟರ್ ಆಳದ ನಿಲ್ದಾಣವೂ ಒಣಗಿರುತ್ತದೆ, ಇಲ್ಲದಿದ್ದರೆ ಐದು ಮೀಟರ್ ಆಳದ ಕೆಳಸೇತುವೆಯೂ ಮುಳುಗುತ್ತದೆ. ನೀವು ಕೇಳಿರುವ ಎರಡಕ್ಕೂ ಉತ್ತರ ಒಂದೇ ಆದ್ದರಿಂದ ಮೊದಲು ಮೆಟ್ರೋ ವಿಷಯ ಹೇಳಿ ಆಮೇಲೆ ನಿಮ್ಮ ಕೆಳಸೇತುವೆಗೆ ಬರುತ್ತೇನೆ. ಹಾಸನದಲ್ಲಿದ್ದುಕೊಂಡು ನೆಲದಡಿಯ ಕಟ್ಟಡಗಳ ನೀರಿನ ಲೆಕ್ಕ ನೋಡುವುದು ನನ್ನ ವೃತ್ತಿ, ಹಾಗಾಗಿ ಅಂಕಿಗಳು ಸ್ವಲ್ಪ ಹೆಚ್ಚೇ ಬರುತ್ತವೆ. ಲೆಕ್ಕ ಹಾಕದೆ ಒಬ್ಬ ತಂದೆಗೋ ತಾಯಿಗೋ ಧೈರ್ಯ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಆಳ ಎಂದರೆ ಅಪಾಯ ಎಂಬ ಭಾವನೆ ಸಹಜ. ಸುತ್ತಲೂ ಮಣ್ಣು, ಬಂಡೆ, ಬಿರುಕುಗಳಲ್ಲಿ ಅಂತರ್ಜಲ. ಆದರೆ ಈ ನೀರನ್ನು ಎಂಜಿನಿಯರುಗಳು ಬಹುಮಟ್ಟಿಗೆ ಪಳಗಿಸಿದ್ದಾರೆ. ಸುರಂಗ ಕೊರೆಯುವ ಯಂತ್ರ ಮುಂದೆ ಹೋದಂತೆ ಅದರ ಬೆನ್ನಿಗೇ ಬಾಗಿದ ಕಾಂಕ್ರೀಟ್ ತುಂಡುಗಳನ್ನು ಜೋಡಿಸಿ ರಿಂಗ್ ಕಟ್ಟುತ್ತಾರೆ. ತುಂಡು ತುಂಡಿನ ನಡುವೆ ರಬ್ಬರ್ ಪಟ್ಟಿ ಒತ್ತಿ ಕೂತಿರುತ್ತದೆ. ರಿಂಗಿಗೂ ಮಣ್ಣಿಗೂ ನಡುವಿನ ಸಂದಿಯಲ್ಲಿ ಗ್ರೌಟ್, ಅಂದರೆ ತೆಳು ಸಿಮೆಂಟ್ ಗಾರೆ ತುಂಬುತ್ತಾರೆ. ಇಷ್ಟಾದ ಮೇಲೂ ಒಸರುವ ಚೂರುಪಾರು ನೀರು ಹಳಿಯ ಪಕ್ಕದ ಸಣ್ಣ ಚರಂಡಿಯಲ್ಲಿ ಹರಿದು, ಎರಡು ನಿಲ್ದಾಣಗಳ ನಡುವೆ ಸುರಂಗ ಎಲ್ಲಿ ಅತಿ ಕೆಳಗಿದೆಯೋ ಅಲ್ಲಿನ ಗುಂಡಿಗೆ ಸೇರುತ್ತದೆ. ಪಂಪ್ ಇರುವುದು ಅಲ್ಲಿ. ಹಳೆಯ ವ್ಯವಸ್ಥೆಗಳಲ್ಲಿ ಒಸರು ಹೆಚ್ಚು. ನ್ಯೂಯಾರ್ಕಿನ ಸಬ್‌ವೇ ಎಂಬ ಮೆಟ್ರೋದಲ್ಲಿ ಒಂದು ಹನಿ ಮಳೆ ಬೀಳದ ದಿನವೂ ಸುಮಾರು 1.3 ಕೋಟಿ ಗ್ಯಾಲನ್, ಅಂದರೆ ಹತ್ತಿರ ಹತ್ತಿರ 5 ಕೋಟಿ ಲೀಟರ್ ನೀರನ್ನು ಎತ್ತಿ ಹೊರಹಾಕುತ್ತಾರೆ. ಅದು ನಿತ್ಯದ ಕೆಲಸ, ಪಂಪ್ ಅದನ್ನು ಚೆನ್ನಾಗಿ ಮಾಡುತ್ತದೆ. ಅಂತರ್ಜಲ ನಿಜವಾಗಿ ಕಾಡುವುದು ಕೊರೆಯುವ ಕಾಲದಲ್ಲಿ. ಕೋಲ್ಕತ್ತದ ಬೌಬಜಾರಿನಲ್ಲಿ 2019ರ ಆಗಸ್ಟ್ 31ರಂದು ಯಂತ್ರ ನೀರಿನ ಪದರಕ್ಕೆ ತಗುಲಿ, ಮಣ್ಣು ಕೊಚ್ಚಿ ಬಂದು, ಮೇಲಿನ ಮನೆಗಳೇ ಕುಸಿದವು. ರೈಲು ಓಡಲು ಶುರುವಾದ ಮೇಲಿನ ಕಥೆ ಬೇರೆ.

ನಮ್ಮ ಘಟ್ಟದ ಸುರಂಗಗಳನ್ನೇ ನೋಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕದ ಸುಮಾರು 55 ಕಿ.ಮೀ. ಹಾದಿಯಲ್ಲಿ 57 ಸುರಂಗಗಳಿವೆ. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿಯ ಮಳೆ ಎಂಥದ್ದು ಅಂತ ನಿಮಗೆ ಹೇಳಬೇಕಾಗಿಲ್ಲ. ಆದರೂ ಆ ಸುರಂಗಗಳು ನೀರು ತುಂಬಿ ಮುಳುಗುವುದಿಲ್ಲ. ಹಳಿ ಐವತ್ತಕ್ಕೆ ಒಂದರ ಇಳಿಜಾರಿನಲ್ಲಿ ಇಳಿಯುತ್ತದೆ, ಸುರಂಗದ ಎರಡೂ ಬಾಯಿ ತೆರೆದಿವೆ, ಒಳಗೆ ಬಂದ ನೀರು ತನ್ನಷ್ಟಕ್ಕೆ ಕೆಳಗಿನ ಬಾಯಿಂದ ಆಚೆ ಹೋಗುತ್ತದೆ. ಅಲ್ಲಿ ರೈಲು ನಿಲ್ಲಿಸುವುದು ಮೇಲಿನಿಂದ ಜಾರುವ ಗುಡ್ಡ. 2018ರ ಆಗಸ್ಟ್‌ನಲ್ಲಿ ಆದದ್ದು ಅದೇ, 2024ರ ಜುಲೈನಲ್ಲಿ ಎಡಕುಮೇರಿ ಕಡಗರವಳ್ಳಿ ನಡುವೆ ಆದದ್ದೂ ಅದೇ. ಮೆಟ್ರೋ ಸುರಂಗಕ್ಕೆ ಇಂಥ ಅನುಕೂಲವಿಲ್ಲ. ನಿಲ್ದಾಣಗಳ ನಡುವೆ ಅದು ತಗ್ಗಿಗೆ ಇಳಿದು ಮತ್ತೆ ಏರುತ್ತದೆ. ಒಳಗೆ ಬಿದ್ದ ನೀರಿಗೆ ತಾನಾಗಿ ಹೊರಗೆ ಹೋಗುವ ದಾರಿಯೇ ಇಲ್ಲ. ಒಳಗೆ ಬಿಡಲೇಬಾರದು ಎಂದು ಒತ್ತಿ ಹೇಳುವುದು ಇದಕ್ಕಾಗಿ.

ಬಿಟ್ಟರೆ ಎಷ್ಟು ಬರುತ್ತದೆ? ಒಂದು ನಿಲ್ದಾಣದ ಬಾಗಿಲು 6 ಮೀಟರ್ ಅಗಲ ಇದೆ ಎಂದುಕೊಳ್ಳಿ. ರಸ್ತೆಯ ನೀರು ಅದರ ಹೊಸ್ತಿಲಿಗಿಂತ ಬರೀ 15 ಸೆಂ.ಮೀ., ಅಂದರೆ ಅರ್ಧ ಅಡಿ ಮೇಲೆ ನಿಂತಿದೆ. ಕೆರೆಯ ಕೋಡಿಯ ಮೇಲೆ ನೀರು ಹರಿಯುವುದಕ್ಕೆ ಹಾಕುವ ಸೂತ್ರವನ್ನೇ ಇಲ್ಲಿಗೂ ಹಾಕಿದರೆ ಸೆಕೆಂಡಿಗೆ ಸುಮಾರು 590 ಲೀಟರ್ ಒಳಗಿಳಿಯುತ್ತದೆ. ಒಂದು ಗಂಟೆಗೆ 21 ಲಕ್ಷ ಲೀಟರ್. ಒಂದೇ ಬಾಗಿಲಿನಿಂದ! 200 ಮೀಟರ್ ಉದ್ದ, 20 ಮೀಟರ್ ಅಗಲದ ನಿಲ್ದಾಣದ ತಳದಲ್ಲಿ ಇದು ಹರಡಿದರೆ ಅರ್ಧ ಮೀಟರ್ ನೀರು. ಒಸರಿಗೆಂದು ಇಟ್ಟ ಪಂಪ್ ಇದರ ಮುಂದೆ ಏನೂ ಅಲ್ಲ. ಅದೇ ಹೊಸ್ತಿಲನ್ನು ಇನ್ನೊಂದು ಅಡಿ ಎತ್ತರಕ್ಕೆ ಕಟ್ಟಿದ್ದರೆ ಒಳಗೆ ಬರುವುದು ಸೊನ್ನೆ. ಒಂದು ಅಡಿ ಕಾಂಕ್ರೀಟು, ಎರಡು ಮೆಟ್ಟಿಲು. ನನ್ನ ವೃತ್ತಿಯಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ದೊಡ್ಡ ರಕ್ಷಣೆ ಬೇರೆಲ್ಲೂ ಸಿಗುವುದಿಲ್ಲ.

ಬ್ಯಾಂಕಾಕ್‌ನವರು ಇದನ್ನು ಮೊದಲೇ ಅರಿತಿದ್ದರು. ಅಲ್ಲಿನ ನೆಲದಡಿಯ ಮೆಟ್ರೋ ಶುರುವಾದದ್ದು 2004ರಲ್ಲಿ. ನಿಲ್ದಾಣಕ್ಕೆ ಇಳಿಯುವ ಮೊದಲು ಸುಮಾರು ಒಂದು ಮೀಟರ್ ಮೆಟ್ಟಿಲು ಹತ್ತಬೇಕು. ಹತ್ತಿ ಇಳಿಯುವುದು ಪ್ರಯಾಣಿಕರಿಗೆ ಬೇಸರದ ಕೆಲಸವೇ. ಆದರೆ 2011ರ ಮಹಾಪ್ರವಾಹದಲ್ಲೂ ರೈಲು ಓಡಿತು. ಮಗಳನ್ನು ನೋಡಲು ಬೆಂಗಳೂರಿಗೆ ಹೋದಾಗ ನೀವೂ ಇದನ್ನು ಗಮನಿಸಿ: ಕೆಳಕ್ಕೆ ಇಳಿಯುವ ಮುನ್ನ ಎಷ್ಟು ಮೆಟ್ಟಿಲು ಮೇಲಕ್ಕೆ ಹತ್ತುತ್ತೀರಿ? ಬಾಗಿಲಿನ ಎರಡು ಪಕ್ಕದ ಗೋಡೆಯಲ್ಲಿ ನೆಟ್ಟಗೆ ಕೊರೆದ ಉದ್ದನೆಯ ಸೀಳು ಕಂಡರೆ ಅದು ಹಲಗೆ ಇಳಿಸಲು ಮಾಡಿದ್ದು. ನೀರು ಏರುವ ಸೂಚನೆ ಬಂದ ಕೂಡಲೇ ಅಲ್ಯೂಮಿನಿಯಂ ಹಲಗೆಗಳನ್ನು ಒಂದರ ಮೇಲೊಂದು ಆ ಸೀಳಿಗೆ ಇಳಿಸಿ ಬಿಗಿಯುತ್ತಾರೆ. ಹಲಗೆಗಳು ಅಲ್ಲೇ ಕೈಗೆ ಸಿಗುವ ಹಾಗಿರಬೇಕು. ಮೂರು ನಿಲ್ದಾಣ ದೂರದ ಗೋದಾಮಿನಲ್ಲಿದ್ದರೆ ಪ್ರಯೋಜನವಿಲ್ಲ.

ಬಾಗಿಲು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬೀಳದ ತೂತುಗಳೇ ಹೆಚ್ಚು. ಗಾಳಿ ಆಡಲು ರಸ್ತೆಬದಿಯಲ್ಲಿ ಬಿಟ್ಟ ಜಾಲರಿ, ಪಕ್ಕದ ಮಳಿಗೆಯ ನೆಲಮಾಳಿಗೆಯಿಂದ ನಿಲ್ದಾಣಕ್ಕೆ ಬರುವ ದಾರಿ, ಕೇಬಲ್ ಹಾಯಿಸಿದ ಪೈಪಿನ ಬಾಯಿ, ಹಳೆಯ ಚರಂಡಿಯಿಂದ ಹಿಮ್ಮುಖವಾಗಿ ಏರುವ ನೀರು. ಟೋಕಿಯೋದಲ್ಲಿ ಗಾಳಿ ಜಾಲರಿಗಳಿಗೂ ಮುಚ್ಚುವ ಬಾಗಿಲುಗಳಿವೆ. ನ್ಯೂಯಾರ್ಕ್‌ನಲ್ಲಿ ಹಲವು ಕಡೆ ಜಾಲರಿಯನ್ನು ಕಾಲುದಾರಿಗಿಂತ ಮೇಲೆತ್ತಿ ಕಟ್ಟಿದ್ದಾರೆ, ಜನ ಅದರ ಮೇಲೆ ಕೂರುತ್ತಾರೆ. ಇನ್ನೊಂದು ದೊಡ್ಡ ಬಾಯಿ ಎಂದರೆ ರೈಲು ಮೇಲ್ಸೇತುವೆಯಿಂದ ಇಳಿದು ಸುರಂಗ ಹೊಗುವ ಜಾಗ. ಬೆಂಗಳೂರಿನ ನೇರಳೆ ಮಾರ್ಗದಲ್ಲಿ ಎಂ.ಜಿ. ರೋಡ್ ದಾಟಿ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಹೋಗುವಾಗ ಬೆಳಕು ಹೋಗಿ ಕತ್ತಲಾಗುತ್ತದಲ್ಲ, ಅಲ್ಲಿ. ಆ ಇಳಿಜಾರು ಆಕಾಶಕ್ಕೆ ತೆರೆದಿರುವುದರಿಂದ ಅದರ ಮೇಲೆ ಬಿದ್ದ ಮಳೆಯೆಲ್ಲ ಒಳಗೇ ಇಳಿಯಬೇಕು. 200 ಮೀಟರ್ ಉದ್ದ, 10 ಮೀಟರ್ ಅಗಲದ ಇಳಿಜಾರಿನ ಮೇಲೆ ಗಂಟೆಗೆ 100 ಮಿ.ಮೀ. ಸುರಿದರೆ ಸೆಕೆಂಡಿಗೆ 56 ಲೀಟರ್ ಆಗುತ್ತದೆ. ಇದನ್ನು ಪಂಪ್ ಎತ್ತಬಲ್ಲದು, ಎತ್ತಲೇಬೇಕು. ಆದರೆ ಇಳಿಜಾರಿನ ಅಕ್ಕಪಕ್ಕದ ತಡೆಗೋಡೆ ತಗ್ಗಾಗಿದ್ದು ರಸ್ತೆಯ ನೀರೂ ಸೇರಿಕೊಂಡರೆ ಲೆಕ್ಕ ತಪ್ಪುತ್ತದೆ. ಕೋಲ್ಕತ್ತದಲ್ಲಿ 2025ರ ಸೆಪ್ಟೆಂಬರ್ 23ರಂದು 250 ಮಿ.ಮೀ.ಗೂ ಮಿಕ್ಕಿ ಮಳೆಯಾದಾಗ ಹಳಿಗೆ ನೀರು ನಿಂತದ್ದು ಮಹಾನಾಯಕ್ ಉತ್ತಮ್ ಕುಮಾರ್ ಮತ್ತು ರವೀಂದ್ರ ಸರೋಬರ್ ನಿಲ್ದಾಣಗಳ ನಡುವೆ. ರೈಲು ನೆಲದಡಿಗೆ ಇಳಿಯುವ ಭಾಗವೇ ಅದು.

ಇನ್ನು ನಿಮ್ಮನ್ನು ಕಾಡಿದ ಮುಂಬೈ. ವರ್ಲಿ ಕಡೆಯ ಆಚಾರ್ಯ ಅತ್ರೆ ಚೌಕ್ ನಿಲ್ದಾಣ ಜನರಿಗೆ ತೆರೆದದ್ದು 2025ರ ಮೇ 10ಕ್ಕೆ, ನೀರು ನುಗ್ಗಿದ್ದು ಮೇ 26ಕ್ಕೆ. ಜನ ಓಡಾಡುತ್ತಿದ್ದ ಬಾಗಿಲಿನಿಂದ ಅದು ಬರಲಿಲ್ಲ. ಇನ್ನೂ ಕಟ್ಟುತ್ತಿದ್ದ ಮತ್ತೊಂದು ಬಾಗಿಲಿಗೆ ಅಡ್ಡ ಕಟ್ಟಿದ್ದ ಗೋಡೆ ಕುಸಿದು, ಅಲ್ಲಿಂದ ನುಗ್ಗಿತು. ಆ ವರ್ಷ ಮುಂಗಾರು ಮುಂಬೈಗೆ ವಾಡಿಕೆಗಿಂತ ಎರಡು ವಾರಕ್ಕೂ ಹೆಚ್ಚು ಮುಂಚೆ ಬಂತು. ಆಗಿನ್ನೂ ರೋಹಿಣಿ ಮಳೆ ಹುಟ್ಟಿದ ಹೊತ್ತು. ಕಾಮಗಾರಿಗಳಲ್ಲಿ ಜೂನ್ ಹೊತ್ತಿಗೆ ಮಳೆಗಾಲದ ಸಿದ್ಧತೆ ಮುಗಿಸಿದರಾಯಿತು ಎಂಬ ವಾಡಿಕೆ ಇದೆ. ಮಳೆ ಆ ದಿನಾಂಕಕ್ಕೆ ಕಾಯುವುದಿಲ್ಲ. ಕಾಫಿ ಹೂ ಅರಳಿಸುವ ನಿಮ್ಮ ಹೂಮಳೆಯೇ ಈಗ ಎಷ್ಟು ಹಿಂದೆ ಮುಂದೆ ಆಗುತ್ತಿದೆ ನೋಡಿ.

ಇದೊಂದು ಬಿಡಿ ಘಟನೆಯಾಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಚೀನಾದ ಝೆಂಗ್‌ಝೌ ನಗರದಲ್ಲಿ 2021ರ ಜುಲೈ 20ರ ಸಂಜೆ 4ರಿಂದ 5ರ ಒಳಗೆ 201.9 ಮಿ.ಮೀ. ಮಳೆ ಬಿತ್ತು. ಎಸ್ಟೇಟಿನ ಮಳೆಮಾಪಕದ ಭಾಷೆಯಲ್ಲಿ ಹೇಳುವುದಾದರೆ ಏಳು ಇಂಚು ತೊಂಬತ್ತೈದು ಸೆಂಟ್, ಒಂದೇ ಗಂಟೆಯಲ್ಲಿ. ಮೂಡಿಗೆರೆ, ಕೊಟ್ಟಿಗೆಹಾರದಲ್ಲಿ ಜುಲೈನಲ್ಲಿ ಒಂದು ಇಡೀ ಹಗಲು ರಾತ್ರಿ ಬಿಡದೆ ಹೊಡೆದು ಅಷ್ಟಾದರೆ ಬೆಳಿಗ್ಗೆ ಎದ್ದು ಧರೆ ಎಲ್ಲಿ ಜರಿದಿದೆ ಎಂದು ನೋಡಲು ಹೊರಡುತ್ತೀರಿ. ಆದರೆ ಅಲ್ಲೂ ಪ್ರಾಣ ತೆಗೆದದ್ದು ನಿಲ್ದಾಣದ ಬಾಗಿಲಿನಿಂದ ಬಂದ ನೀರಲ್ಲ. ರೈಲು ನಿಲ್ಲಿಸುವ ಡಿಪೋ ತಗ್ಗಿನಲ್ಲಿತ್ತು. ಅದರ ತಡೆಗೋಡೆ ಒಡೆದು, ಡಿಪೋದಿಂದ ಮುಖ್ಯ ಸುರಂಗಕ್ಕೆ ನೀರು ಧುಮುಕಿತು. ಐನೂರಕ್ಕೂ ಹೆಚ್ಚು ಜನರಿದ್ದ 5ನೇ ಮಾರ್ಗದ ರೈಲು ಸುರಂಗದ ನಡುವೆ ನಿಂತಿತು. 14 ಮಂದಿ ತೀರಿಕೊಂಡರು. ಸರ್ಕಾರದ ತನಿಖೆ ಆ ಗೋಡೆಯ ಗುಣಮಟ್ಟವನ್ನೂ ಡಿಪೋದ ವಿನ್ಯಾಸದಲ್ಲಿ ಮಾಡಿದ ಬದಲಾವಣೆಯನ್ನೂ ದೂರಿತು. ದಕ್ಷಿಣ ಕೊರಿಯಾದ ಓಸಾಂಗ್ ಕೆಳದಾರಿಯಲ್ಲಿ 2023ರ ಜುಲೈ 15ರಂದು ಮತ್ತೆ 14 ಜನ ಸತ್ತರು. ಹತ್ತಿರದ ಮಿಹೋ ನದಿಗೆ ಸೇತುವೆ ಕೆಲಸಕ್ಕೆಂದು ಹಾಕಿದ್ದ ತಾತ್ಕಾಲಿಕ ಏರಿಯ ಮೇಲೆ ನೀರು ಹರಿದು ಏರಿ ಒಡೆದಿತ್ತು.

ಮೂರೂ ಕಡೆ ನೀರು ಬಂದದ್ದು ಮುಗಿಯದ, ತಾತ್ಕಾಲಿಕವಾದ, ಅಥವಾ ಯಾರ ಗಮನಕ್ಕೂ ಬಾರದ ಗೋಡೆಯ ಕಡೆಯಿಂದ. ಮುಖ್ಯ ವಿನ್ಯಾಸವನ್ನು ಹತ್ತು ಜನ ಪರೀಕ್ಷಿಸುತ್ತಾರೆ. ಆರು ತಿಂಗಳ ಮಟ್ಟಿಗೆ ಎಂದು ಕಟ್ಟಿದ ಗೋಡೆಯ ನಕ್ಷೆ ಕೇಳುವವರು ಕಡಿಮೆ. ನನ್ನನ್ನು ಕೇಳಿದರೆ ಒಂದು ನಿಯಮ ಸಾಕು: ಒಳಗೆ ಜನ ಓಡಾಡಲು ಶುರುಮಾಡಿದ ದಿನದಿಂದ ಹೊರಗಿನ ಯಾವ ಗೋಡೆಯೂ ತಾತ್ಕಾಲಿಕವಲ್ಲ. ಶಾಶ್ವತ ಬಾಗಿಲಿಗೆ ಯಾವ ಪ್ರವಾಹ ಮಟ್ಟ ಹಿಡಿದು ಲೆಕ್ಕ ಹಾಕಿದ್ದಾರೋ ಅದೇ ಮಟ್ಟವನ್ನು ಅದಕ್ಕೂ ಹಿಡಿಯಬೇಕು.

ಪ್ರವಾಹ ಮಟ್ಟ ಎಂದಾಗ ನೂರು ವರ್ಷಕ್ಕೊಮ್ಮೆ ಬರುವ ನೆರೆ ಎಂಬ ಮಾತು ಕೇಳಿರುತ್ತೀರಿ. ಇದರಿಂದ ಜನಕ್ಕೆ ಸುಳ್ಳು ನೆಮ್ಮದಿ ಸಿಗುತ್ತದೆ. ಅದರ ನಿಜವಾದ ಅರ್ಥ ಪ್ರತಿ ವರ್ಷವೂ ನೂರಕ್ಕೆ ಒಂದರಷ್ಟು ಸಾಧ್ಯತೆ ಎಂದು. ಮೂವತ್ತು ವರ್ಷ ನೌಕರಿಗೆ ಓಡಾಡುವವರ ಅವಧಿಯಲ್ಲಿ ಅಂಥ ನೆರೆ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ 26. ಆದ್ದರಿಂದಲೇ ಆ ಮಟ್ಟದ ಮೇಲೂ ಒಂದಿಷ್ಟು ಎತ್ತರ ಬಿಟ್ಟು ಹೊಸ್ತಿಲು ಕಟ್ಟುವುದು, ಅದರ ಮೇಲೂ ಹಲಗೆ ಇಳಿಸುವ ವ್ಯವಸ್ಥೆ ಇಡುವುದು.

ಪಂಪಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಸಿಂಗಪುರದಷ್ಟು ಶಿಸ್ತಿನ ಊರಿನಲ್ಲೇ 2017ರ ಅಕ್ಟೋಬರ್ 7ರಂದು ಬಿಷಾನ್ ಮತ್ತು ಬ್ರಾಡೆಲ್ ನಡುವಿನ ಸುರಂಗದಲ್ಲಿ ನೀರು ತುಂಬಿ ಗಂಟೆಗಟ್ಟಲೆ ರೈಲು ನಿಂತಿತ್ತು. ಮಳೆ ಜೋರಿತ್ತು ನಿಜ, ಆದರೆ ಪಂಪ್ ವ್ಯವಸ್ಥೆ ಆ ಮಳೆಯನ್ನು ಎತ್ತಬಲ್ಲದ್ದಾಗಿತ್ತು. ನೀರು ಏರಿದ್ದನ್ನು ಪಂಪಿಗೆ ತಿಳಿಸಬೇಕಾದ ತೇಲು ಸ್ವಿಚ್‌ಗಳು ಕೆಲಸ ಮಾಡಲಿಲ್ಲ. ಕೆದಕಿದಾಗ, ನಿರ್ವಹಣೆ ಮಾಡದೆಯೇ ಮಾಡಿದ್ದೇವೆ ಎಂದು ದಾಖಲೆ ಬರೆದದ್ದು ಹೊರಬಿತ್ತು. ಒಂದು ಗುಂಡಿಯ ಮುಚ್ಚಳ ಎತ್ತಿ, ತೇಲು ಬುರುಡೆಯನ್ನು ಕೈಯಿಂದ ಎತ್ತಿ, ಪಂಪ್ ಹತ್ತಿತೇ ಎಂದು ನೋಡಲು ಐದು ನಿಮಿಷ ಬೇಕು. ಆ ಐದು ನಿಮಿಷವನ್ನು ಯಾರೋ ವರ್ಷವೆಲ್ಲ ಉಳಿಸಿದ್ದರು. ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಹೋಗಿಲ್ಲ.

ನ್ಯೂಯಾರ್ಕಿನವರು ಪಾಠ ಕಲಿತದ್ದು 2012ರ ಅಕ್ಟೋಬರ್ 29ರ ಸ್ಯಾಂಡಿ ಚಂಡಮಾರುತದಿಂದ. ಸಮುದ್ರವೇ ಉಕ್ಕಿ ಬಂದು ಈಸ್ಟ್ ನದಿಯ ಅಡಿಯ ಸುರಂಗಗಳು ತುಂಬಿದವು. ಸೌತ್ ಫೆರಿ ಎಂಬ ಹೊಸ ನಿಲ್ದಾಣ ಮತ್ತೆ ತೆರೆದದ್ದು 2017ರಲ್ಲಿ. ಉಪ್ಪುನೀರು ತಂತಿ, ಸಿಗ್ನಲ್, ಕಾಂಕ್ರೀಟಿನೊಳಗಿನ ಕಬ್ಬಿಣ ಎಲ್ಲವನ್ನೂ ತಿನ್ನುವುದರಿಂದ ಒಣಗಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಆದರೆ ಒಂದು ಒಳ್ಳೆಯ ನಿರ್ಧಾರ ಮಾಡಿದ್ದರು. ಹಿಂದಿನ ದಿನವೇ ರೈಲು ನಿಲ್ಲಿಸಿ, ಬೋಗಿಗಳನ್ನು ಎತ್ತರದ ಜಾಗಕ್ಕೆ ಸಾಗಿಸಿದ್ದರು. ಮುಳುಗಿದ ಸುರಂಗದಲ್ಲಿ ಒಬ್ಬ ಪ್ರಯಾಣಿಕನೂ ಇರಲಿಲ್ಲ. ಝೆಂಗ್‌ಝೌನಲ್ಲಿ ಆ ಭೀಕರ ಗಂಟೆ ಕಳೆದು ಆರರ ಸುಮಾರಿನ ತನಕವೂ ರೈಲು ಓಡುತ್ತಲೇ ಇತ್ತು. ಗೋಡೆ, ಬಾಗಿಲು, ಹಲಗೆ ಎಲ್ಲ ಸೋತಾಗಲೂ ಜನರನ್ನು ಉಳಿಸುವುದು ಸಮಯಕ್ಕೆ ಸರಿಯಾಗಿ ನಿಲ್ಲಿಸುವ ಆ ಒಂದು ಆದೇಶ. ಅದನ್ನು ಕೊಡುವ ಅಧಿಕಾರ ನಿಯಂತ್ರಣ ಕೊಠಡಿಯಲ್ಲಿ ಕೂತಿರುವವರಿಗೇ ಇರಬೇಕು, ಮೇಲಿನವರ ಫೋನಿಗೆ ಕಾಯುವಂತಿರಬಾರದು. ಸ್ಯಾಂಡಿಯ ನಂತರ ಅಲ್ಲಿ ಮೆಟ್ಟಿಲ ಬಾಯಿಗೆ ಎಳೆದು ಮುಚ್ಚುವ ಗಟ್ಟಿ ನೇಯ್ಗೆಯ ಪರದೆಗಳನ್ನು ಅಳವಡಿಸಿದರು. 2019ರ ನವೆಂಬರ್‌ನಲ್ಲಿ ಬ್ರೂಕ್ಲಿನ್ನಿನ ಒಂದು ನಿಲ್ದಾಣದ ಮೆಟ್ಟಿಲಿಗೆ ಪರದೆ ಎಳೆದು, ಅದರ ಮೇಲೆ ತಾವೇ ನೀರು ತುಂಬಿಸಿ ನಾಲ್ಕು ಗಂಟೆ ನಿಲ್ಲಿಸಿ ನೋಡಿದರು. ದಾರಿಹೋಕರು ಬೆರಗಾಗಿ ಫೋಟೋ ತೆಗೆದರು. ನೀರು ನಿಲ್ಲಿಸಿ ನೋಡದ ಬಾಗಿಲನ್ನು ನಾನು ನಂಬುವುದಿಲ್ಲ. ನಮ್ಮ ನಗರಗಳಲ್ಲೂ ಪ್ರತಿ ಏಪ್ರಿಲ್‌ನಲ್ಲಿ ಇದನ್ನು ಎಲ್ಲರೆದುರು ಮಾಡಲಿ ಎಂಬುದು ನನ್ನ ಬಹುದಿನದ ಆಸೆ.

ಈಗ ಬೆಂಗಳೂರು. ಸಮುದ್ರವಿಲ್ಲ, ದೊಡ್ಡ ನದಿಯಿಲ್ಲ, ಊರು ಇರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿನ ದಿಣ್ಣೆಯಲ್ಲಿ. ನ್ಯೂಯಾರ್ಕಿನಂಥ, ಯುರೋಪಿನ ಪ್ರಾಗ್ ನಗರದಲ್ಲಿ ನದಿ ಉಕ್ಕಿ ಬಂದಂಥ ನೆರೆ ಅಲ್ಲಿಗೆ ಬರುವುದಿಲ್ಲ. ಇದು ದೊಡ್ಡ ಅನುಕೂಲ. ಬರುವುದು ಒಂದೆರಡು ಗಂಟೆಯ ಬಿರುಮಳೆ. 2024ರ ಜೂನ್ 2ರಂದು ಒಂದೇ ದಿನ 111 ಮಿ.ಮೀ. ಸುರಿಯಿತು. ರಾಜಕಾಲುವೆ ಕಟ್ಟಿಕೊಂಡ ಕಡೆ ಅಷ್ಟು ನೀರು ರಸ್ತೆಗೇ ಬರುತ್ತದೆ. ನಿಮ್ಮ ಮಗಳು ದಾಟುವ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದೇ ಹಳೆಯ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕೆರೆ ಹೋಯಿತು, ಆದರೆ ತಗ್ಗು ಹೋಗಿಲ್ಲ, ಸುತ್ತಲಿನ ನೀರು ಇಂದಿಗೂ ಅತ್ತಲೇ ಹರಿಯಲು ನೋಡುತ್ತದೆ. ಅಲ್ಲಿನ ಮೆಟ್ರೋ ನಿಲ್ದಾಣದಲ್ಲಿ ಎರಡು ಮಾರ್ಗಗಳು ಒಂದರ ಕೆಳಗೊಂದು ಹಾಯುತ್ತವೆ. ಇಂಥ ಕಡೆ ಬಾಗಿಲುಗಳ ಎತ್ತರ, ಸುತ್ತಲಿನ ಚರಂಡಿಯ ಹೂಳು ಎರಡನ್ನೂ ಒಟ್ಟಿಗೇ ನೋಡಬೇಕು. ಚರಂಡಿ ಒಂದು ಇಲಾಖೆಯದು, ನಿಲ್ದಾಣ ಇನ್ನೊಬ್ಬರದು ಎಂಬ ಗೆರೆ ನೀರಿಗೆ ಗೊತ್ತಿಲ್ಲ.

ಬೆಂಗಳೂರಿನಲ್ಲಿ ರೈಲಿಗೆ ಕರೆಂಟ್ ಬರುವುದು ತಲೆಯ ಮೇಲಿನ ತಂತಿಯಿಂದಲ್ಲ, ಹಳಿಯ ಪಕ್ಕದ ಮೂರನೇ ಹಳಿಯಿಂದ. 750 ವೋಲ್ಟ್ ಡಿ.ಸಿ. ಮುಂಬೈನ 3ನೇ ಮಾರ್ಗದಲ್ಲಿ ಮೇಲಿನಿಂದ 25 ಸಾವಿರ ವೋಲ್ಟ್ ಎ.ಸಿ. ಬರುತ್ತದೆ. ಹೀಗಾಗಿ ನಮ್ಮಲ್ಲಿ ಹಳಿಯ ಮಟ್ಟಕ್ಕೆ ಸ್ವಲ್ಪ ನೀರು ಬಂದರೂ ಕರೆಂಟ್ ತೆಗೆದು ರೈಲು ನಿಲ್ಲಿಸಲೇಬೇಕು. ಮಳೆಗೆ ಮೆಟ್ರೋ ನಿಂತಿತಂತೆ ಎಂದು ಸುದ್ದಿ ಬಂದರೆ ಅದನ್ನು ಅಪಾಯದ ಸುದ್ದಿ ಎಂದುಕೊಳ್ಳಬೇಡಿ. ಆ ಹೊತ್ತಿಗೆ ವ್ಯವಸ್ಥೆ ಮಾಡಬೇಕಾದ್ದನ್ನೇ ಮಾಡಿದೆ. ನಾನು ಹೆಚ್ಚು ಗಮನ ಇಡುವುದು ಹೊಸ ಮಾರ್ಗಗಳ ಮೇಲೆ. ಕಾಳೇನ ಅಗ್ರಹಾರದಿಂದ ನಾಗವಾರದ ತನಕದ ಗುಲಾಬಿ ಮಾರ್ಗದ 21 ಕಿ.ಮೀ.ಯಲ್ಲಿ ಸುಮಾರು 14 ಕಿ.ಮೀ. ನೆಲದಡಿಯಲ್ಲಿದೆ. ಅಂಥ ಮಾರ್ಗ ತೆರೆದ ಮೊದಲ ಒಂದೆರಡು ಮಳೆಗಾಲ, ಒಂದು ಬಾಗಿಲು ಮುಗಿದು ಇನ್ನೊಂದು ಮುಗಿಯದೆ ಇರುವ ಕಾಲ, ಅತ್ಯಂತ ಎಚ್ಚರದ ಕಾಲ.

ಮಗಳಿಗೆ ಇಷ್ಟು ಹೇಳಿ. ಮೆಟ್ಟಿಲ ಮೇಲಿಂದ ನೀರು ಇಳಿಯುತ್ತಿರುವುದು ಕಂಡರೆ ಪ್ಲಾಟ್‌ಫಾರ್ಮಿಗೆ ಇಳಿಯಬಾರದು, ಒಳಗಿದ್ದರೆ ಪಾದ ಮುಳುಗುವ ಮೊದಲೇ ಮೇಲೆ ಬರಬೇಕು. ಲಿಫ್ಟ್ ಹತ್ತಬಾರದು. ಸುರಂಗದ ನಡುವೆ ರೈಲು ನಿಂತರೆ ಸಿಬ್ಬಂದಿ ಹೇಳದೆ ಹಳಿಗೆ ಇಳಿಯಬಾರದು. ಮೂರನೇ ಹಳಿಯ ಕರೆಂಟ್ ತೆಗೆದಿದ್ದಾರೋ ಇಲ್ಲವೋ ಪ್ರಯಾಣಿಕರಿಗೆ ತಿಳಿಯುವುದಿಲ್ಲ. ಮೆಟ್ರೋಗಿಂತ ನನಗೆ ಹೆಚ್ಚು ಭಯ ಅವಳ ಪಿ.ಜಿ. ಅಥವಾ ಆಫೀಸಿನ ನೆಲಮಾಳಿಗೆಯದು. 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಕೋಚಿಂಗ್ ಕೇಂದ್ರದ ನೆಲಮಾಳಿಗೆಗೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ತೀರಿಕೊಂಡರು. ಒಂದು ಮೀಟರ್ ಅಗಲದ ಬಾಗಿಲಿನ ಆಚೆ ಅರ್ಧ ಮೀಟರ್ ನೀರು ನಿಂತರೆ ಅದು ಬಾಗಿಲನ್ನು 125 ಕೆ.ಜಿ. ಭಾರದಷ್ಟು ಬಲದಿಂದ ಒತ್ತುತ್ತದೆ. ಒಂದು ಮೀಟರ್ ನಿಂತರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ 500 ಕೆ.ಜಿ. ಗಾಡಿ ತರಲೆಂದು ನೆಲಮಾಳಿಗೆಗೆ ಇಳಿಯುವ ಕೆಲಸ ಮಾತ್ರ ಯಾವ ಕಾರಣಕ್ಕೂ ಬೇಡ.

ಇನ್ನು ನಿಮ್ಮ ಕೆಳಸೇತುವೆ. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲುಗಾರರಿಲ್ಲದ ಲೆವೆಲ್ ಕ್ರಾಸಿಂಗ್‌ಗಳನ್ನೆಲ್ಲ 2019ರ ಜನವರಿ ಹೊತ್ತಿಗೆ ತೆಗೆದರು. ಅದರಿಂದ ಉಳಿದ ಜೀವಗಳನ್ನು ಮರೆಯಬಾರದು. ಆದರೆ ಅವುಗಳ ಜಾಗಕ್ಕೆ ಹಲವು ಕಡೆ ಬಂದದ್ದು ಹಳಿಯಡಿಯ ಕಾಂಕ್ರೀಟ್ ಪೆಟ್ಟಿಗೆ. ನಮ್ಮ ಎರಡೂ ಜಿಲ್ಲೆಗಳಲ್ಲಿ, ಅರಸೀಕೆರೆ ಕಡೆಗೂ ಕಡೂರು ಕಡೆಗೂ, ಇಂಥವು ಬೇಕಾದಷ್ಟಿವೆ. ಮಳೆ ಬಂದ ಮರುದಿನ ಒಂದರ ಹತ್ತಿರ ನಿಂತು ನೋಡಿ. ತಳದ ಜಾಲರಿಯ ಮೇಲೆ ಕೆಂಪು ಹೂಳು, ಅಡಿಕೆ ಹಾಳೆ, ಗುಟ್ಕಾ ಚೀಟಿ. ಎರಡೂ ಬದಿಯ ಹೊಲದ ನೀರು ರಸ್ತೆ ಹಿಡಿದು ಬಂದು ಇಳಿಜಾರಿಗೆ ಬಿದ್ದ ಗುರುತು ಟಾರಿನ ಅಂಚಿನಲ್ಲಿ ಕೊರಕಲಾಗಿ ಕಾಣುತ್ತದೆ.

ಸುತ್ತಲಿನ ಒಂದು ಹೆಕ್ಟೇರ್, ಅಂದರೆ ಎರಡೂವರೆ ಎಕರೆ ಜಾಗದ ನೀರು ಅಲ್ಲಿಗೆ ಬರುತ್ತದೆ ಎನ್ನಿ. ಗಂಟೆಗೆ 60 ಮಿ.ಮೀ. ಮಳೆ ಬಿದ್ದು ಅದರ ಮುಕ್ಕಾಲು ಪಾಲು ಹರಿದು ಬಂದರೂ ಸೆಕೆಂಡಿಗೆ 125 ಲೀಟರ್. 8 ಮೀಟರ್ ಎತ್ತರಕ್ಕೆ ನೀರೆತ್ತುವ 10 ಎಚ್.ಪಿ. ಪಂಪ್ ಹೆಚ್ಚೆಂದರೆ 55ರಿಂದ 60 ಲೀಟರ್ ಹಾಕುತ್ತದೆ. ಅಂಥವು ಎರಡಕ್ಕಿಂತ ಹೆಚ್ಚು ಬೇಕು, ಅದೂ ಕರೆಂಟ್ ಇದ್ದರೆ. ಮೊದಲ ಗುಡುಗಿಗೇ ಲೈನ್ ಹೋಗುವ ಊರಿನಲ್ಲಿ ಇದೊಂದು ಯೋಜನೆಯೇ ಅಲ್ಲ. ಬದಲಿಗೆ, ರಸ್ತೆ ಇಳಿಯಲು ಶುರುವಾಗುವ ಎರಡೂ ತುದಿಯಲ್ಲಿ ಒಂದು ಅಡಿ ಎತ್ತರದ ಅಗಲವಾದ ಉಬ್ಬು ಹಾಕಿ, ಅದರ ಹೊರಗೆ ಅಡ್ಡ ಚರಂಡಿ ತೆಗೆದು ಹೊಲದ ನೀರನ್ನು ಪಕ್ಕಕ್ಕೆ ತಿರುಗಿಸಿ. ಆಗ ಒಳಗೆ ಬೀಳುವುದು ಎರಡು ಇಳಿಜಾರುಗಳ ಮೇಲೆ ನೇರ ಸುರಿದ ಮಳೆ ಮಾತ್ರ. ತಲಾ 50 ಮೀಟರ್ ಉದ್ದ, 6 ಮೀಟರ್ ಅಗಲ ಎಂದರೆ ಸೆಕೆಂಡಿಗೆ 10 ಲೀಟರ್. 125 ಇದ್ದದ್ದು 10ಕ್ಕೆ ಇಳಿಯಿತು. 3 ಎಚ್.ಪಿ. ಪಂಪ್ ಇದಕ್ಕೆ ಸಾಕು. ಇಳಿಜಾರಿಗೆ ಶೀಟಿನ ಮಾಡು ಹಾಕಿದರೆ ಅದೂ ಬಹುಪಾಲು ಬೇಡ. ರೈಲ್ವೆಯವರು ಹಲವು ಕಡೆ ಉಬ್ಬು, ಮಾಡು ಎರಡನ್ನೂ ಮಾಡಿದ್ದಾರೆ, ಹೊಸ ಸಂಗತಿಯೇನಲ್ಲ. ಕೇಳುವವರು ಬೇಕು ಅಷ್ಟೆ.

ಮಳೆ ನಿಂತು ವಾರವಾದರೂ ನೀರು ಬತ್ತದಿದ್ದರೆ ಅದು ಮೇಲಿನ ನೀರಲ್ಲ, ಒರತೆ. ಹತ್ತಿರದ ಕೆರೆ ಕೋಡಿ ಬಿದ್ದ ವರ್ಷ ಇದು ಹೆಚ್ಚು. ಆಗ ಪೆಟ್ಟಿಗೆಯ ಸಂದುಗಳನ್ನು ಮುಚ್ಚಿಸಬೇಕು, ಉಬ್ಬಿನಿಂದ ಉಪಯೋಗವಿಲ್ಲ. ಪಕ್ಕದ ಗೋಡೆಯ ಮೇಲೆ ಅಡಿ ಅಡಿಗೂ ಬಣ್ಣದ ಗೆರೆ ಎಳೆದು ಆಳ ಬರೆಸುವುದನ್ನು ಪಂಚಾಯಿತಿಯೇ ಮಾಡಬಹುದು. ಒಂದು ಅಡಿ ನೀರಿಗೇ ಸಣ್ಣ ಕಾರು ತೇಲಲು ಶುರುಮಾಡುತ್ತದೆ, ಎರಡು ಅಡಿಗೆ ದೊಡ್ಡದೂ ಹತೋಟಿ ತಪ್ಪುತ್ತದೆ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳದಾರಿಯಲ್ಲಿ ಕಾರು ಮುಳುಗಿ ಒಬ್ಬ ಯುವತಿ ಪ್ರಾಣ ಕಳೆದುಕೊಂಡದ್ದು ವಿಧಾನಸೌಧದ ಕಣ್ಣಳತೆಯಲ್ಲಿ.

ಮಲೆನಾಡಿನ ಇಳಿಜಾರು ನೆಲದಲ್ಲಿ ಇನ್ನೂ ಒಂದು ಸುಲಭ ದಾರಿ ಇರುವುದುಂಟು. ಕೆಳಸೇತುವೆಯ ತಳಕ್ಕಿಂತ ಹತ್ತಿರದ ಹಳ್ಳದ ತಳ ಕೆಳಗಿದ್ದರೆ ಪಂಪೇ ಬೇಡ, ಒಂದು ಪೈಪ್ ಹಾಕಿದರೆ ನೀರು ತಾನೇ ಹೋಗುತ್ತದೆ. ಪೈಪಿನ ಬಾಯಿಗೆ ಹಳ್ಳದ ನೀರು ಹಿಂದಕ್ಕೆ ಬಾರದಂತೆ ಮುಚ್ಚಿಕೊಳ್ಳುವ ಕವಾಟ ಇರಬೇಕು. ಬಯಲುಸೀಮೆಯ ಕಡೂರಿನ ಕಡೆ ಎಲ್ಲ ಕಡೆ ಇದು ಆಗಲಿಕ್ಕಿಲ್ಲ. ನಿಮ್ಮ ಕೆಳಸೇತುವೆಯ ತಳದಿಂದ ಹಳ್ಳದ ತಳಕ್ಕೆ ಮಟ್ಟದ ಕೊಳವೆ ಹಿಡಿದು ಎಷ್ಟು ಇಳಿಜಾರಿದೆ, ದೂರ ಎಷ್ಟು ಎಂದು ಅಳೆದು ಬರೆಯಿರಿ. ಎಷ್ಟು ಅಗಲದ ಪೈಪ್ ಬೇಕಾಗುತ್ತದೆ ಎಂದು ನಾನು ಲೆಕ್ಕ ಹಾಕಿ ಕಳಿಸುತ್ತೇನೆ, ಗ್ರಾಮಸಭೆಗೆ ಕೊಡುವ ಅರ್ಜಿಯ ಜೊತೆ ಅದನ್ನೂ ಲಗತ್ತಿಸಬಹುದು.